ಒಮಾಹಾದಲ್ಲಿ ಇಪ್ಪತ್ತೇಳು ಔಟುಗಳು

ಮೊದಲ ದಿನ: ಭಾನುವಾರ, 2025ರ ಜೂನ್ 15

ಕ್ಯಾನ್ಸಸ್ ಸಿಟಿಯ ನಮ್ಮ ಮನೆಯಿಂದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರಕ್ಕೆ ಸುಮಾರು ಮುನ್ನೂರು ಕಿಲೋಮೀಟರ್. ಮಿಸ್ಸೂರಿ ನದಿಯನ್ನು ಎಡಕ್ಕಿಟ್ಟುಕೊಂಡು ಉತ್ತರಕ್ಕೆ ನೇರವಾಗಿ ಸಾಗುವ ಹೆದ್ದಾರಿಯಲ್ಲಿ ಮೂರು ತಾಸಿನ ದಾರಿ. ಬೆಳಿಗ್ಗೆ ಏಳಕ್ಕೆ ಹೊರಟಾಗ ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ, ಮೊಸರನ್ನದ ಡಬ್ಬಿ, ಎರಡು ಮಡಚುವ ಕುರ್ಚಿ, ಎರಡು ಕೆಂಪು ಟೋಪಿ ಮತ್ತು ಒಂದು ಸ್ಕೋರ್ ಪುಸ್ತಕವಿದ್ದವು. ಟೋಪಿಗಳು ಮಗಳವು, ಅವಳು ಫೆಯಟ್‌ವಿಲ್‌ನಲ್ಲಿರುವ ಆರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದು ಮುಗಿಸಿ ಬೇಸಿಗೆ ರಜೆಗೆ ಮನೆಗೆ ಬಂದವಳು. ಪುಸ್ತಕ ನನ್ನದು. ಅಂದು ಅಮೆರಿಕದಲ್ಲಿ ಅಪ್ಪಂದಿರ ದಿನವೂ ಆಗಿತ್ತಾದ್ದರಿಂದ, ಕಾಲೇಜು ಬೇಸ್‌ಬಾಲಿನ ವರ್ಲ್ಡ್ ಸೀರೀಸ್‌ನ ಸೋಮವಾರದ ಮಧ್ಯಾಹ್ನದ ಪಂದ್ಯಕ್ಕೆ ಎರಡು ಟಿಕೆಟ್ಟುಗಳನ್ನು ಅವಳು ತನ್ನ ದುಡಿಮೆಯ ಹಣದಲ್ಲೇ ಕೊಂಡು ನನಗೆ ಉಡುಗೊರೆಯಾಗಿ ಕೊಟ್ಟಿದ್ದಳು. ಪೆಟ್ರೋಲ್, ಮೋಟೆಲ್ ಮತ್ತು ಊಟದ ಖರ್ಚು ಉಡುಗೊರೆ ಪಡೆದವನದು ಎಂಬುದು ದಾರಿಯಲ್ಲಿ ತಿಳಿಯಿತು.

ಸ್ಕೋರ್ ಪುಸ್ತಕದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ನನಗೆ ಬ್ಯಾಟು ಹಿಡಿಯಲೂ ಬರುತ್ತಿರಲಿಲ್ಲ, ಚೆಂಡು ಎಸೆಯಲೂ ಬರುತ್ತಿರಲಿಲ್ಲ. ಆದರೂ ತಂಡದ ಜತೆ ಊರೂರು ತಿರುಗುವ ಆಸೆ ಬಿಡದೆ ಸ್ಕೋರರ್ ಆದೆ. ಒಂದು ಓವರಿನ ಆರೂ ಎಸೆತಗಳಿಗೆ ರನ್ನು ಬಾರದೆ ಹೋದರೆ ಆರು ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿ 'ಎಂ' ಅಕ್ಷರ ಮಾಡುತ್ತಿದ್ದಾಗ ನನಗೆ ಆಗುತ್ತಿದ್ದ ಸಂತೋಷ ಆ ಓವರ್ ಹಾಕಿದ ಬೌಲರಿಗೂ ಆಗುತ್ತಿತ್ತೋ ಇಲ್ಲವೋ. ಅಮೆರಿಕಕ್ಕೆ ಬಂದು ಬೇಸ್‌ಬಾಲ್ ನೋಡಲು ಕುಳಿತ ಮೊದಲ ವರ್ಷ ಆ ಆಟ ನನಗೆ ಹತ್ತಿರವಾದದ್ದು ಅದರ ಸ್ಕೋರ್ ಹಾಳೆಯ ಮೂಲಕವೇ. ಒಂಬತ್ತು ಸ್ಥಾನಗಳಿಗೂ ಒಂದೊಂದು ಅಂಕಿ: ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವನು 3, ಶಾರ್ಟ್‌ಸ್ಟಾಪ್ 6, ಹೀಗೆ. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಮೊದಲ ಬೇಸಿಗೆ ಎಸೆದು ಔಟ್ ಮಾಡಿದರೆ ಚೌಕದಲ್ಲಿ 6-3 ಎಂದು ಬರೆದರಾಯಿತು. ಬ್ಯಾಟರ್ ಮೂರು ಸ್ಟ್ರೈಕಿಗೆ, ಅಂದರೆ ಹೊಡೆಯಬಹುದಾಗಿದ್ದ ಮೂರು ಎಸೆತಗಳನ್ನು ಹೊಡೆಯಲಾರದೆ, ಔಟಾದರೆ 'ಕೆ' ಎಂಬ ಅಕ್ಷರ. ಬ್ಯಾಟನ್ನೇ ಬೀಸದೆ ಮೂರನೆಯ ಸ್ಟ್ರೈಕನ್ನು ನೋಡುತ್ತ ನಿಂತು ಔಟಾದರೆ ಅದೇ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. 'ಕೆ' ಎಂಬ ಗುರುತು ರೂಢಿಗೆ ಬಂದದ್ದು ಹೆನ್ರಿ ಚ್ಯಾಡ್‌ವಿಕ್ ಎಂಬ ಪತ್ರಕರ್ತನಿಂದ. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆತ ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದು ಮೊದಲು ಕ್ರಿಕೆಟ್ ವರದಿಗಾರನಾಗಿದ್ದ, ಆಮೇಲೆ ಬೇಸ್‌ಬಾಲಿಗೆ ಮನಸೋತ. ಹಾಗಾಗಿ ಈ ಆಟದ ಲೆಕ್ಕ ಬರೆಯುವ ಕೆಲಸ ನಮ್ಮ ಪೈಕಿಯವನಿಂದಲೇ ಶುರುವಾದದ್ದು ಎಂದು ನಾನು ಮಗಳ ಮುಂದೆ ಆಗಾಗ ಜಂಬ ಕೊಚ್ಚಿಕೊಳ್ಳುವುದುಂಟು.

ಅಯೋವಾದ ಗಡಿ ದಾಟಿದ ಮೇಲೆ ಬಲಗಡೆ ಗಾಳಿ ತಂದು ಗುಡ್ಡೆ ಹಾಕಿದ ಹಳದಿ ಮಣ್ಣಿನ ಲೆಸ್ ದಿಬ್ಬಗಳು ಕಾಣಿಸಿಕೊಂಡವು. ಉಳಿದಂತೆ ಜೋಳದ ಹೊಲ, ಸೋಯಾ ಹೊಲ, ಮತ್ತೆ ಜೋಳದ ಹೊಲ. ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಒಮಾಹಾ ತಲುಪಿದೊಡನೆ ಹೊಸ ಕ್ರೀಡಾಂಗಣಕ್ಕೆ ಹೋಗುವುದಕ್ಕಿಂತ ಮೊದಲು ಹಳೆಯದು ಇದ್ದ ಜಾಗವನ್ನು ನೋಡಬೇಕೆಂದು ನಾನು ಹಟ ಹಿಡಿದೆ. ಕಾಲೇಜು ವರ್ಲ್ಡ್ ಸೀರೀಸ್ 1947ರಲ್ಲಿ ಮಿಷಿಗನ್ನಿನ ಕಲಮಜೂ ಎಂಬಲ್ಲಿ ಆರಂಭವಾಯಿತು. ಆ ವರ್ಷ ಫೈನಲಿನಲ್ಲಿ ಸೋತ ಯೇಲ್ ತಂಡದ ಮೊದಲ ಬೇಸಿನಲ್ಲಿ ನಿಂತಿದ್ದವನು ಮುಂದೆ ಅಮೆರಿಕದ ಅಧ್ಯಕ್ಷನಾದ ಹಿರಿಯ ಜಾರ್ಜ್ ಬುಷ್. ಎರಡು ವರ್ಷ ಅಲ್ಲಿ, ಒಂದು ವರ್ಷ ವಿಚಿಟಾದಲ್ಲಿ ನಡೆದು, 1950ರಲ್ಲಿ ಒಮಾಹಾಕ್ಕೆ ಬಂದ ಪಂದ್ಯಾವಳಿ ಮತ್ತೆ ಊರು ಬಿಡಲಿಲ್ಲ. ದೇಶದ ಯಾವ ಮೂಲೆಯ ಕಾಲೇಜಿನ ಆಟಗಾರನನ್ನು ಕೇಳಿದರೂ ಅವನ ಬಾಯಲ್ಲಿ 'ಒಮಾಹಾ' ಎಂಬುದು ಊರಿನ ಹೆಸರಾಗಿ ಉಳಿದಿಲ್ಲ. ಕಾಶಿಗೆ ಹೋಗುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಧಾಟಿಯಲ್ಲೇ ಅವರು ಒಮಾಹಾಗೆ ಹೋಗುವುದು ಎನ್ನುತ್ತಾರೆ.

ಅರುವತ್ತು ವರ್ಷ ಆ ಯಾತ್ರೆ ಮುಗಿಯುತ್ತಿದ್ದದ್ದು ರೋಸನ್‌ಬ್ಲಾಟ್ ಕ್ರೀಡಾಂಗಣದಲ್ಲಿ. 2010ರಲ್ಲಿ ಅಲ್ಲಿನ ಕಡೆಯ ಫೈನಲ್ ನಡೆಯಿತು. ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ವಿಟ್ ಮೆರಿಫೀಲ್ಡ್ ಹೊಡೆದ ಒಂದು ಹೊಡೆತದಿಂದ ಸೌತ್ ಕ್ಯಾರೊಲಿನಾ ತಂಡ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ತಂಡವನ್ನು 2-1ರಿಂದ ಸೋಲಿಸಿತು. ಆಮೇಲೆ ಕ್ರೀಡಾಂಗಣವನ್ನು ಕೆಡವಿ ಜಾಗವನ್ನು ಪಕ್ಕದ ಹೆನ್ರಿ ಡೋರ್ಲಿ ಮೃಗಾಲಯಕ್ಕೆ ಬಿಟ್ಟುಕೊಟ್ಟರು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ಆದರೆ ಒಂದು ಮೂಲೆಯಲ್ಲಿ ಮಕ್ಕಳು ಓಡಾಡುವಷ್ಟು ಪುಟ್ಟ ಮೈದಾನವೊಂದನ್ನು ಮಾಡಿ, ಬ್ಯಾಟರು ನಿಲ್ಲುವ ಹೋಮ್ ಪ್ಲೇಟನ್ನು ಅದು ಮೊದಲಿದ್ದ ಜಾಗದಲ್ಲೇ ಉಳಿಸಿದ್ದಾರೆ. ಒಬ್ಬ ತಂದೆ ನಾಲ್ಕೈದು ವರ್ಷದ ಮಗನಿಗೆ ರಬ್ಬರ್ ಚೆಂಡು ಎಸೆಯುತ್ತಿದ್ದ. ಹುಡುಗ ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿ ಕೂತುಬಿಟ್ಟ. ಮೃಗಾಲಯದ ಕಡೆಯಿಂದ ಯಾವುದೋ ಹಕ್ಕಿಯ ಕರ್ಕಶ ಕೂಗು ಕೇಳಿಸುತ್ತಿತ್ತು. ಹಂಪಿಯ ಪಾಳು ಮಂಟಪಗಳ ನಡುವೆ ಆಡು ಮೇಯುವುದನ್ನು ನೋಡಿ ಬೆಳೆದವರಿಗೆ ಇಂಥ ದೃಶ್ಯ ದುಃಖ ತರುವುದಿಲ್ಲ.

ಸಂಜೆ ನಗರದ ನಡುವಿನ ಹೊಸ ಕ್ರೀಡಾಂಗಣದ ಸುತ್ತ ಒಂದು ಸುತ್ತು ಹಾಕಿದೆವು. 2011ರಲ್ಲಿ ಬೇರೆ ಹೆಸರಿನಿಂದ ತೆರೆದ ಇದಕ್ಕೆ ಈಗ ಚಾರ್ಲ್ಸ್ ಶ್ವಾಬ್ ಫೀಲ್ಡ್ ಎನ್ನುತ್ತಾರೆ. ಸುಮಾರು 24,000 ಮಂದಿ ಕೂರಬಹುದು. ಹೊರಗೆ ಜಾನ್ ಲೈಬಾ ಎಂಬ ಶಿಲ್ಪಿಯ ಕಂಚಿನ ಗುಂಪು ಶಿಲ್ಪವಿದೆ: ಗೆದ್ದ ಕ್ಷಣದಲ್ಲಿ ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯುತ್ತಿರುವ ಹುಡುಗರು. ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ನಿಂತ ಸಾಲಿನಲ್ಲಿ ಎಂಟೂ ತಂಡಗಳ ಬಣ್ಣಗಳಿದ್ದವು. ಒಳಗೆ ಆ ರಾತ್ರಿಯ ಪಂದ್ಯದಲ್ಲಿ ಕೋಸ್ಟಲ್ ಕ್ಯಾರೊಲಿನಾ ತಂಡ ಓರೆಗನ್ ಸ್ಟೇಟ್ ತಂಡವನ್ನು 6-2ರಿಂದ ಸೋಲಿಸಿತು. ನಾವು ಅದನ್ನು ಮೋಟೆಲಿನ ಟಿವಿಯಲ್ಲಿ ಮೊಸರನ್ನ ತಿನ್ನುತ್ತ ನೋಡಿದೆವು.

ಎರಡನೆಯ ದಿನ: ಸೋಮವಾರ, ಜೂನ್ 16

ಮಗಳ ಕಾಲೇಜಾದ ಆರ್ಕನ್ಸಾದ ಪಂದ್ಯ ಮಧ್ಯಾಹ್ನ ಒಂದಕ್ಕೆ. ನಮ್ಮ ಟಿಕೆಟ್ಟು ಔಟ್‌ಫೀಲ್ಡಿನ ಹಿಂದಿನ ಬೆಂಚುಗಳದ್ದು. ಅಲ್ಲಿ ಸೀಟಿಗೆ ಸಂಖ್ಯೆಯಿಲ್ಲ, ಮೊದಲು ಹೋದವನಿಗೆ ಮೊದಲ ಜಾಗ. ಆದ್ದರಿಂದ ಹತ್ತು ಗಂಟೆಗೇ ಕಾರು ನಿಲ್ಲಿಸಿ, ನಿಲುಗಡೆಯ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು ಪುಳಿಯೋಗರೆ ಮುಗಿಸಿ, ಸಾಲಿನಲ್ಲಿ ನಿಂತೆವು. ಆ ಬಯಲಿನಲ್ಲಿ ನೂರಾರು ಕುಟುಂಬಗಳು ಡೇರೆ ಹೊಡೆದು, ಒಲೆ ಹಚ್ಚಿ, ಮಾಂಸ ಸುಡುತ್ತ, ಮಕ್ಕಳಿಗೆ ಚೆಂಡೆಸೆಯುತ್ತ ಬೆಳಗನ್ನು ಕಳೆಯುತ್ತಿದ್ದವು. ನಮ್ಮ ಕಡೆಯ ಜಾತ್ರೆಯಲ್ಲಿ ಎತ್ತಿನ ಗಾಡಿ ಬಿಚ್ಚಿ ಅಡುಗೆ ಹೂಡುವುದಕ್ಕೂ ಇದಕ್ಕೂ ಗಾಡಿಯ ಗಾತ್ರದಲ್ಲಷ್ಟೇ ವ್ಯತ್ಯಾಸ.

ಸಾಲು ಉದ್ದವಿತ್ತು, ನಿಧಾನವಾಗಿ ಚಲಿಸುತ್ತಿತ್ತು, ಯಾರೂ ಯಾರನ್ನೂ ತಳ್ಳುತ್ತಿರಲಿಲ್ಲ. ಗೇಟಿನ ಹತ್ತಿರ ಬಂದಾಗ ಮಗಳು ನನ್ನ ಮುಖ ನೋಡಿ "ಏನಾಯಿತು?" ಎಂದಳು. ಏನೂ ಆಗಿರಲಿಲ್ಲ. ಹನ್ನೆರಡು ದಿನಗಳ ಹಿಂದೆ, ಜೂನ್ 4ರ ಬುಧವಾರ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಸತ್ತಿದ್ದರು. ಅದರ ಹಿಂದಿನ ದಿನವಷ್ಟೇ, ಹದಿನೆಂಟು ವರ್ಷ ಕಾದ ಮೇಲೆ ಬೆಂಗಳೂರು ತಂಡ ಐಪಿಎಲ್ ಗೆದ್ದಾಗ, ಇಲ್ಲಿನ ಮಧ್ಯಾಹ್ನದ ಹೊತ್ತಿನಲ್ಲಿ ಕಚೇರಿಯ ಕೆಲಸ ಬದಿಗಿಟ್ಟು ನಾನೂ ಕೂಗಿದ್ದೆ. ಆ ಹನ್ನೊಂದು ಮಂದಿಯೂ ಹೀಗೆಯೇ, ಟೋಪಿಯನ್ನೋ ಅಂಗಿಯನ್ನೋ ತೊಟ್ಟು, ತಮ್ಮವರ ಜತೆ ಒಂದು ಗೇಟಿನ ಕಡೆಗೆ ನಡೆದು ಹೋಗಿದ್ದವರು. ನಾನು ಮಗಳ ಭುಜ ಹಿಡಿದುಕೊಂಡೇ ಗೇಟು ದಾಟಿದೆ, ಅವಳು ಬಿಡಿಸಿಕೊಳ್ಳಲಿಲ್ಲ.

ನಮಗೆ ಸಿಕ್ಕಿದ ಬೆಂಚಿನ ಪಕ್ಕದಲ್ಲಿ ಎಪ್ಪತ್ತು ದಾಟಿದ ದಂಪತಿ ಕೂತಿದ್ದರು. ಹಳದಿ ಮತ್ತು ಕಡುನೀಲಿ ಬಣ್ಣದ ಅಂಗಿಗಳು. ಅಂದರೆ ಎದುರಾಳಿ ಮರ್ರೆ ಸ್ಟೇಟ್ ತಂಡದವರು. ಕೆಂಟಕಿಯ ಪಶ್ಚಿಮ ಅಂಚಿನಲ್ಲಿರುವ ಮರ್ರೆ ಇಪ್ಪತ್ತು ಸಾವಿರ ಜನವೂ ಇಲ್ಲದ ಸಣ್ಣ ಊರು. ಆ ಕಾಲೇಜು ಒಮಾಹಾಕ್ಕೆ ಬಂದದ್ದು ಚರಿತ್ರೆಯಲ್ಲೇ ಮೊದಲ ಸಲ. ಈ ಪಂದ್ಯಾವಳಿಯಲ್ಲಿ ಮೊದಲು 64 ತಂಡಗಳನ್ನು ನಾಲ್ಕು ನಾಲ್ಕರಂತೆ ಹದಿನಾರು ಗುಂಪು ಮಾಡುತ್ತಾರೆ. ಗುಂಪಿನಲ್ಲಿ ನಾಲ್ಕನೆಯ ಶ್ರೇಯಾಂಕ ಪಡೆದ, ಅಂದರೆ ಯಾರೂ ಲೆಕ್ಕಕ್ಕಿಡದ ತಂಡವೊಂದು ಒಮಾಹಾದವರೆಗೆ ಬಂದದ್ದು ಅಲ್ಲಿಯತನಕ ನಾಲ್ಕೇ ಬಾರಿ. 2008ರ ಫ್ರೆಸ್ನೊ ಸ್ಟೇಟ್, 2012ರ ಸ್ಟೋನಿ ಬ್ರೂಕ್, 2023ರ ಓರಲ್ ರಾಬರ್ಟ್ಸ್, ಈಗ ಇವರು. ಫ್ರೆಸ್ನೊ ಸ್ಟೇಟ್ ಪ್ರಶಸ್ತಿಯನ್ನೇ ಗೆದ್ದುಕೊಂಡು ಹೋಗಿತ್ತು ಎಂಬುದನ್ನು ಮುದುಕರು ನನಗೆ ಎರಡು ಸಲ ನೆನಪಿಸಿದರು. ಅವರ ತೊಡೆಯ ಮೇಲೂ ಒಂದು ಸ್ಕೋರ್ ಪುಸ್ತಕವಿತ್ತು. ನನ್ನದನ್ನು ನೋಡಿ ಕಣ್ಣರಳಿಸಿ, ತಮ್ಮ ಪೆನ್ಸಿಲ್ ಕೆತ್ತುವ ಪುಟ್ಟ ಯಂತ್ರವನ್ನು ನಮ್ಮಿಬ್ಬರ ನಡುವಿನ ಬೆಂಚಿನ ಮೇಲಿಟ್ಟರು.

ಎರಡೂ ತಂಡಗಳು ಶನಿವಾರ ಒಂದೊಂದು ಪಂದ್ಯ ಸೋತಿದ್ದವು. ಎರಡು ಸೋತವರು ಮನೆಗೆ ಹೋಗಬೇಕೆಂಬುದು ನಿಯಮ. ಹಾಗಾಗಿ ಅಂದು ಸಂಜೆಯೊಳಗೆ ಇಬ್ಬರಲ್ಲಿ ಒಬ್ಬರು ಬಸ್ಸು ಹತ್ತುವುದು ಖಚಿತವಾಗಿತ್ತು.

ಪಂದ್ಯಕ್ಕೆ ಮುನ್ನ ಆರ್ಕನ್ಸಾದವರ ಕೂಗು ಎದ್ದಿತು. ಅವರ ಲಾಂಛನ ಕಾಡುಹಂದಿ. ಎರಡೂ ಕೈಗಳನ್ನು ಮೇಲೆತ್ತಿ, ಬೆರಳುಗಳನ್ನು ಅಲುಗಿಸುತ್ತ "ವೂ..." ಎಂದು ಉಸಿರಿರುವ ತನಕ ಎಳೆದು, ಕೈಯನ್ನು ಕೆಳಕ್ಕೆ ಬೀಸಿ "ಪಿಗ್ ಸೂಯಿ!" ಎಂದು ಮೂರು ಸಲ ಕೂಗಿ, ಕೊನೆಗೆ ತಂಡದ ಹೆಸರು ಹೇಳುವ ಈ ಕರೆ, ಹಿಂದೆ ರೈತರು ಹಂದಿಗಳನ್ನು ಕರೆಯುತ್ತಿದ್ದ ರೀತಿಯಿಂದ ಬಂದದ್ದಂತೆ. ಮೊದಲ ಸಲ ಮಗಳು ಇದನ್ನು ಮನೆಯಲ್ಲಿ ಮಾಡಿ ತೋರಿಸಿದಾಗ ಅವಳ ಅಮ್ಮ ಗಾಬರಿಯಾಗಿದ್ದಳು. ನಾನು ಮಾತ್ರ, ಬಾದಾಮಿ ಚಾಲುಕ್ಯರ ಲಾಂಛನವೇ ವರಾಹ, ನಮ್ಮ ಚಿನ್ನದ ನಾಣ್ಯಕ್ಕೂ ವರಹವೆಂದೇ ಹೆಸರು, ಆದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂದು ಸಮಾಧಾನ ಹೇಳಿದ್ದೆ. ಅಂದು ಸಾವಿರಾರು ಮಂದಿಯ ನಡುವೆ ನಿಂತು ನಾನೂ ಕೈಯೆತ್ತಿದೆ. ಕೆಂಟಕಿಯ ಅಜ್ಜಿ ಕಿವಿ ಮುಚ್ಚಿಕೊಂಡು ನಕ್ಕರು.

ಆರ್ಕನ್ಸಾ ಪರವಾಗಿ ಚೆಂಡೆಸೆಯಲು ಬಂದವನು ಗೇಜ್ ವುಡ್. ಆರ್ಕನ್ಸಾದ್ದೇ ಬೇಟ್ಸ್‌ವಿಲ್ ಎಂಬ ಊರಿನ ಬಲಗೈ ಎಸೆಗಾರ. ಭುಜದ ನೋವಿನಿಂದ ಆ ಋತುವಿನ ಹಲವು ವಾರಗಳನ್ನು ಹೊರಗೆ ಕಳೆದು ಬಂದವನು. 'ವುಡ್' ಎಂದರೆ ಮರ; 1974ರಿಂದ ಕಾಲೇಜು ಆಟದಲ್ಲಿ ಮರದ ಬ್ಯಾಟುಗಳ ಜಾಗಕ್ಕೆ ಲೋಹದ ಬ್ಯಾಟುಗಳು ಬಂದಿರುವಾಗ ಈ ಹೆಸರಿನವನು ಬ್ಯಾಟುಗಳಿಗೆ ಕೆಲಸವೇ ಕೊಡದೆ ಹೋದನಲ್ಲ ಎಂಬ ಹಾಸ್ಯ ನನಗೆ ಹೊಳೆದದ್ದು ಪಂದ್ಯ ಮುಗಿದ ಮೇಲೆ. ಲೋಹದ ಬ್ಯಾಟಿಗೆ ಚೆಂಡು ತಾಗಿದಾಗ ದೇವಸ್ಥಾನದ ಸಣ್ಣ ಗಂಟೆಯನ್ನು ಕೋಲಿನಿಂದ ಹೊಡೆದಂತೆ ಟಿಣ್ ಎನ್ನುವ ಸದ್ದು ಬರುತ್ತದೆ. ಔಟ್‌ಫೀಲ್ಡಿನ ಬೆಂಚಿನಲ್ಲಿ ಕುಳಿತವರಿಗೆ ಹೊಡೆತ ಕಣ್ಣಿಗೆ ಬಿದ್ದ ಒಂದು ಗಳಿಗೆಯ ಅನಂತರ ಆ ಸದ್ದು ಕಿವಿಗೆ ಬೀಳುತ್ತದೆ. ಅಂದು ಮರ್ರೆ ಸ್ಟೇಟ್ ಬ್ಯಾಟುಗಳಿಂದ ಆ ಸದ್ದು ಬಹಳ ಅಪರೂಪವಾಗಿತ್ತು. ಅದರ ಬದಲು ಕ್ಯಾಚರಿನ ಚರ್ಮದ ಗ್ಲವ್ಸಿಗೆ ಚೆಂಡು ಬಡಿಯುವ ದಪ್ಪನೆಯ ಸದ್ದು ಮತ್ತೆ ಮತ್ತೆ ಬರುತ್ತಿತ್ತು.

ಕ್ರಿಕೆಟ್ ಬಲ್ಲವರಿಗೆ ಒಂದು ಮಾತು. ಇಲ್ಲಿ ಎಸೆಗಾರ ಮತ್ತು ಬ್ಯಾಟರಿನ ನಡುವೆ ಇರುವುದು 60 ಅಡಿ 6 ಅಂಗುಲ. ಚೆಂಡು ನೆಲಕ್ಕೆ ಪುಟಿಯುವುದಿಲ್ಲ. ಆದ್ದರಿಂದ ಪಿಚ್ಚಿನ ನೆರವೂ ಇಲ್ಲ, ನೆಪವೂ ಇಲ್ಲ. ಗಂಟೆಗೆ 150 ಕಿಲೋಮೀಟರಿಗೂ ಮೀರಿದ ನೇರ ಎಸೆತವೊಂದು, ಅದೇ ಕೈಯಿಂದ ಅದೇ ಭಂಗಿಯಲ್ಲಿ ಹೊರಟು ಕಡೆಯ ಕ್ಷಣದಲ್ಲಿ ಕುಸಿಯುವ ತಿರುವಿನ ಎಸೆತವೊಂದು, ಈ ಎರಡರ ನಡುವೆ ಬ್ಯಾಟರು ಕಣ್ಣು ಮಿಟುಕಿಸುವುದರೊಳಗೆ ಆರಿಸಿಕೊಳ್ಳಬೇಕು. ಸಾಮಾನ್ಯ ದಿನಗಳಲ್ಲಿ ಒಳ್ಳೆಯ ಬ್ಯಾಟರು ಮೂರು ಬಾರಿಗೆ ಒಂದು ಬಾರಿ ಗೆಲ್ಲುತ್ತಾನೆ. ಅಂದು ವುಡ್‌ನ ನೇರ ಎಸೆತ ಎತ್ತರದಲ್ಲಿ ಬಂದಾಗ ಹುಡುಗರು ಅದರ ಕೆಳಗೆ ಬೀಸುತ್ತಿದ್ದರು, ತಿರುವಿನ ಎಸೆತ ಬಂದಾಗ ಅದರ ಮೇಲೆ ಬೀಸುತ್ತಿದ್ದರು. ನನ್ನ ಹಾಳೆಯಲ್ಲಿ ಕೆ, ಕೆ, ಮತ್ತೆ ಕೆ ಎಂದು ಬರೆದು ಬರೆದು, ಪೆನ್ಸಿಲಿನ ಮೊನೆ ಮೊಂಡಾಗಿ, ನಡುವಿನ ಪುಟ್ಟ ಯಂತ್ರಕ್ಕೆ ನಾನೂ ಮುದುಕರೂ ಸರದಿಯಂತೆ ಕೈ ಚಾಚಿದೆವು.

ಇನ್ನಿಂಗ್ಸಿಗೆ ಮೂರು ಔಟಿನಂತೆ ಐದನೆಯ ಇನ್ನಿಂಗ್ಸ್ ಮುಗಿದಾಗ ಹದಿನೈದು ಬ್ಯಾಟರುಗಳು ಬಂದು ಹದಿನೈದು ಮಂದಿಯೂ ಮರಳಿದ್ದರು. ಒಬ್ಬನೂ ಮೊದಲ ಬೇಸನ್ನು ಮೆಟ್ಟಿರಲಿಲ್ಲ. ಎದುರಿನ ದೊಡ್ಡ ಫಲಕದ ಮೇಲೆ ಅವರ ಸಾಲಿನಲ್ಲಿ ಸೊನ್ನೆಗಳಷ್ಟೇ ಇದ್ದವು. ಆಗ ನಾನು ಮಗಳ ಕಡೆ ಬಾಗಿ, "ಇವನು ನೋ ಹಿಟ್..." ಎಂದು ಬಾಯಿ ತೆರೆದೆ. ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಹಿಂದಿನ ಬೆಂಚಿನಿಂದ ಕೆಂಪು ಟೋಪಿಯವನೊಬ್ಬ ನನ್ನನ್ನು ದುರುಗುಟ್ಟಿ ನೋಡಿದ. ಆ ಪದವನ್ನು ಆಡಬಾರದು. ಎಸೆಗಾರ ಹಿಟ್ಟಿಗೆ, ಅಂದರೆ ಬ್ಯಾಟರು ಚೆಂಡು ಹೊಡೆದು ಬೇಸು ಮುಟ್ಟುವುದಕ್ಕೆ, ಅವಕಾಶ ಕೊಡದೆ ಸಾಗುತ್ತಿರುವಾಗ ಅದನ್ನು ಹೆಸರಿಸಿದರೆ ಕೆಟ್ಟುಹೋಗುತ್ತದೆ ಎಂಬುದು ಈ ಆಟದ ಹಳೆಯ ನಂಬಿಕೆ. ತಂಡದವರೂ ಇನ್ನಿಂಗ್ಸ್‌ಗಳ ನಡುವೆ ಅವನ ಪಕ್ಕದಲ್ಲಿ ಕೂರುವುದಿಲ್ಲ, ಮಾತಾಡಿಸುವುದಿಲ್ಲ. ತೊಟ್ಟಿಲ ಕೂಸನ್ನು ನೋಡಿ ಎಷ್ಟು ಚೆಂದ ಎಂದವರ ಮೇಲೆ ನಮ್ಮಜ್ಜಿ ಮುನಿಸಿಕೊಂಡು, ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದುದು ನೆನಪಾಯಿತು. ದೃಷ್ಟಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲವೆಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಪದವಿಲ್ಲ ನಿಜ, ಅಂಗೈಯಂತೂ ಇದೆ.

ಆರ್ಕನ್ಸಾದವರಿಗೆ ಈ ಭಯ ಹೆಚ್ಚೇ ಇರಬೇಕಾದ ಕಾರಣವೂ ಇದೆ. ಆ ಕಾಲೇಜು ಈ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿಲ್ಲ. 2018ರಲ್ಲಿ ಇದೇ ಮೈದಾನದಲ್ಲಿ ಓರೆಗನ್ ಸ್ಟೇಟ್ ಎದುರು ಒಂದು ಪಂದ್ಯ ಗೆದ್ದು, ಎರಡನೆಯದರಲ್ಲಿ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಮುಂದಿದ್ದು, ಪ್ರಶಸ್ತಿಗೆ ಒಂದೇ ಒಂದು ಔಟು ಬೇಕಾಗಿದ್ದಾಗ, ಗೆರೆಯಾಚೆ ಮೇಲಕ್ಕೆದ್ದ ಸುಲಭದ ಕ್ಯಾಚೊಂದು ಅದರಡಿಗೆ ಓಡಿಬಂದ ಮೂವರ ನಡುವೆ ನೆಲಕ್ಕೆ ಬಿತ್ತು. ಬದುಕುಳಿದ ಬ್ಯಾಟರು ಮುಂದೆ ಹಿಟ್ ಹೊಡೆದು ಪಂದ್ಯವನ್ನು ಸಮ ಮಾಡಿದ, ಅವನ ಹಿಂದೆಯೇ ಬಂದವನು ಚೆಂಡನ್ನು ಗೋಡೆಯಾಚೆ ಕಳಿಸಿದ, ಮರುದಿನ ಪ್ರಶಸ್ತಿ ಓರೆಗನ್ನಿಗೆ ಹೋಯಿತು. ಆಗ ಮಗಳು ಇನ್ನೂ ಶಾಲೆಯಲ್ಲಿದ್ದಳು, ಆರ್ಕನ್ಸಾ ಎಲ್ಲಿದೆ ಎಂದೂ ಅವಳಿಗೆ ಗೊತ್ತಿರಲಿಲ್ಲ. ಆದರೂ ಈ ಕಥೆಯನ್ನು ಅವಳು ಕಣ್ಣಾರೆ ಕಂಡವಳಂತೆ ಹೇಳುತ್ತಾಳೆ. ಪಾಣಿಪತ್ ಕದನದ ಬಗ್ಗೆ ಮರಾಠಿ ಗೆಳೆಯನೊಬ್ಬ ಹೀಗೆಯೇ ಮಾತಾಡುತ್ತಿದ್ದ.

ಆರ್ಕನ್ಸಾ ಗಳಿಸಿದ್ದು ಮೂರೇ ರನ್ನು. ಮರ್ರೆ ಸ್ಟೇಟ್ ಎಸೆಗಾರರೂ ಬಿಗಿಯಾಗಿಯೇ ಆಡುತ್ತಿದ್ದರು. ಒಂದು ಒಳ್ಳೆಯ ಇನ್ನಿಂಗ್ಸ್ ಸಿಕ್ಕರೆ ಎಲ್ಲವೂ ತಲೆಕೆಳಗಾಗುವಷ್ಟು ಹತ್ತಿರವಿತ್ತು ಪಂದ್ಯ. ಮುದುಕರು ಪ್ರತಿ ಬ್ಯಾಟರು ಬಂದಾಗಲೂ ಅವನ ಹೆಸರು ಹಿಡಿದು, ಮನೆಯ ಹುಡುಗನನ್ನು ಬೆಳಿಗ್ಗೆ ಎಬ್ಬಿಸುವ ದನಿಯಲ್ಲಿ ಕರೆಯುತ್ತಿದ್ದರು. ಆರನೆಯ ಇನ್ನಿಂಗ್ಸ್ ಹೋಯಿತು. ಏಳನೆಯದೂ ಹೋಯಿತು. ಇಪ್ಪತ್ತೊಂದು ಮಂದಿ, ಇಪ್ಪತ್ತೊಂದು ಔಟು. ಹಿಟ್ ಕೊಡದಿರುವುದು ಒಂದು. ವಾಕ್ (ನಾಲ್ಕು ಕೆಟ್ಟ ಎಸೆತಗಳಿಗೆ ಸಿಗುವ ಪುಕ್ಕಟೆ ಬೇಸು) ಆಗಲಿ ತಪ್ಪಾಗಲಿ ಯಾವ ರೀತಿಯಲ್ಲೂ ಒಬ್ಬನನ್ನೂ ಬೇಸಿಗೆ ಬಿಡದಿರುವುದು ಇನ್ನೊಂದು, ಅದಕ್ಕೆ ಪರ್ಫೆಕ್ಟ್ ಗೇಮ್ ಎನ್ನುತ್ತಾರೆ. ಒಂದೂವರೆ ಶತಮಾನದ ಮೇಜರ್ ಲೀಗ್ ಚರಿತ್ರೆಯಲ್ಲೇ ಅಂಥವು 24 ಮಾತ್ರ ದಾಖಲಾಗಿವೆ. ಔಟ್‌ಫೀಲ್ಡಿನಲ್ಲಿ ಅಲ್ಲಿಯವರೆಗೆ ತಲೆಯಿಂದ ತಲೆಗೆ ಹಾರುತ್ತಿದ್ದ ಗಾಳಿ ತುಂಬಿದ ದೊಡ್ಡ ಚೆಂಡುಗಳನ್ನೂ ಈಗ ಯಾರೂ ಹಾರಿಸುತ್ತಿರಲಿಲ್ಲ. ಇಪ್ಪತ್ತು ಸಾವಿರ ಜನ ಕೂಡಿ ಏನೂ ಆಗದಿರಲಿ ಎಂದು ಕಾಯುವ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕ್ರಿಕೆಟಿನಲ್ಲಿ ನಾವು ಕಾಯುವುದು ಯಾವಾಗಲೂ ಏನಾದರೂ ಆಗಲೆಂದು: ಶತಕ, ಸಿಕ್ಸರ್, ವಿಕೆಟ್. ಮೇಡನ್ ಓವರಿನ ಚುಕ್ಕಿಗಳನ್ನು ಕೂಡಿಸುತ್ತ ಒಬ್ಬನೇ ಸಂತೋಷಪಡುತ್ತಿದ್ದ ದಾವಣಗೆರೆಯ ಸ್ಕೋರರಿಗೆ ಕೊನೆಗೂ ಇಷ್ಟು ಜನ ಜತೆಗಾರರು ಸಿಕ್ಕಿದ್ದರು.

ಎಂಟನೆಯ ಇನ್ನಿಂಗ್ಸ್‌ನಲ್ಲಿ ತಿರುವಿನ ಎಸೆತವೊಂದು ಕೈಜಾರಿದಂತೆ ಒಳಕ್ಕೆ ಬಂದು ಬ್ಯಾಟರಿನ ಕಾಲಿಗೆ ಬಡಿಯಿತು. ಚೆಂಡು ಮೈಗೆ ತಾಗಿದರೆ ಮೊದಲ ಬೇಸು ಪುಕ್ಕಟೆ. ಹುಡುಗ ಓಡಿಹೋಗಿ ಬೇಸಿನ ಮೇಲೆ ನಿಂತ. ಅಲ್ಲಿಗೆ ಪರ್ಫೆಕ್ಟ್ ಗೇಮ್ ಮುಗಿಯಿತು. ಕೆಂಪು ಟೋಪಿಗಳೆಲ್ಲ ಒಟ್ಟಿಗೆ ನರಳಿದವು. ಮುದುಕರು ಮಾತ್ರ ಎದ್ದು ನಿಂತು ಎರಡೂ ಮುಷ್ಟಿ ಎತ್ತಿ ಕೂಗಿದರು: ಅವರ ಮಟ್ಟಿಗೆ ಅದು ಚರಿತ್ರೆಗೆ ಬಿದ್ದ ಕಲೆಯಾಗಿರಲಿಲ್ಲ, ಬೇಸಿನ ಮೇಲೆ ನಿಂತ ತಮ್ಮೂರಿನ ಹುಡುಗನಾಗಿದ್ದ. ನಾನು ಪೆನ್ಸಿಲ್ ಹಿಡಿದು ಆ ಚೌಕದ ಮುಂದೆ ಸ್ವಲ್ಪ ಹೊತ್ತು ತಡೆದೆ. ಅಷ್ಟೊತ್ತು ಒಂದೇ ಬಗೆಯ ಗುರುತುಗಳಿಂದ ತುಂಬಿದ್ದ ಹಾಳೆಯಲ್ಲಿ ಬೇರೆಯದೇ ಆದ ಆ ಒಂದು ಗುರುತು, ಹಬ್ಬದ ಸೀರೆಯ ಮೇಲೆ ಬಿದ್ದ ಸಾರಿನ ಹನಿಯಂತೆ, ಕಣ್ಣನ್ನು ಮತ್ತೆ ಮತ್ತೆ ಸೆಳೆಯುತ್ತಿತ್ತು.

ಹಿಟ್ ಮಾತ್ರ ಆಗಲೂ ಬಂದಿರಲಿಲ್ಲ. ಒಂಬತ್ತನೆಯ ಇನ್ನಿಂಗ್ಸ್‌ಗೆ ವುಡ್ ಮತ್ತೆ ಬಂದಾಗ ಕುಳಿತಿದ್ದವರು ಯಾರೂ ಇರಲಿಲ್ಲ. ಆತನ ಕೈಯಿಂದ ಆಗಲೇ ನೂರಕ್ಕೂ ಹೆಚ್ಚು ಎಸೆತಗಳು ಹೋಗಿದ್ದವು. ಭುಜದ ನೋವಿನಿಂದ ಎದ್ದು ಬಂದವನನ್ನು ಇನ್ನೂ ಎಸೆಯಲು ಬಿಡುವುದು ಸರಿಯೇ ಎಂದು ನಾನು ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ, ಆದರೆ ತೆಗೆದುಹಾಕಿದ್ದರೆ ಮೊದಲು ಕೂಗಾಡುವವನು ನಾನೇ ಆಗಿರುತ್ತಿದ್ದೆ. ಕೊನೆಯ ಬ್ಯಾಟರು ಮೂರನೆಯ ಸ್ಟ್ರೈಕಿಗೆ ಔಟಾದ. ಹತ್ತೊಂಬತ್ತನೆಯ ಕೆ. ಎಸೆತಗಳು 119, ಹಿಟ್ ಸೊನ್ನೆ, 3-0. ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದು ಅಳುತ್ತಿದ್ದಳು, ಟೋಪಿ ಎಲ್ಲೋ ಬಿದ್ದಿತ್ತು, ಮೈದಾನದ ನಡುವೆ ಕೆಂಪು ಅಂಗಿಗಳ ಒಂದು ರಾಶಿಯಿತ್ತು.

ಕಾಲೇಜು ವರ್ಲ್ಡ್ ಸೀರೀಸ್‌ನಲ್ಲಿ ಅದಕ್ಕೆ ಮೊದಲು ಹೀಗೆ ಆದದ್ದು ಎರಡೇ ಸಲ: ಒಮಾಹಾದ ಮೊದಲ ವರ್ಷವಾದ 1950ರಲ್ಲಿ ಟೆಕ್ಸಸ್‌ನ ಜಿಮ್ ಎಹ್ರ್‌ಲರ್, 1960ರಲ್ಲಿ ಓಕ್ಲಹೋಮಾ ಸ್ಟೇಟ್‌ನ ಜಿಮ್ ವಿಕ್ಸನ್. ಅರುವತ್ತೈದು ವರ್ಷಗಳ ಮೇಲೆ ಇದು ಮೂರನೆಯದು. ಹತ್ತೊಂಬತ್ತಕ್ಕಿಂತ ಹೆಚ್ಚು ಸ್ಟ್ರೈಕ್‌ಔಟುಗಳನ್ನು ಇಲ್ಲಿ ಒಂದೇ ಪಂದ್ಯದಲ್ಲಿ ಪಡೆದವನು ಓಹಾಯೊ ಸ್ಟೇಟ್‌ನ ಸ್ಟೀವ್ ಆರ್ಲಿನ್. 1965ರಲ್ಲಿ ಅವನು ಪಡೆದದ್ದು 20, ಅದಕ್ಕೆ ಅವನಿಗೆ ಹದಿನೈದು ಇನ್ನಿಂಗ್ಸ್ ಬೇಕಾಗಿತ್ತು. ಇದೆಲ್ಲವನ್ನೂ ಮುದುಕರೇ ನನಗೆ ಹೇಳಿದ್ದು. ಅವರಿಗೆ ಫೋನು ನೋಡಬೇಕಾದ ಅಗತ್ಯ ಬೀಳಲಿಲ್ಲ.

ಜನ ಇಳಿದುಹೋಗುತ್ತಿದ್ದಾಗಲೂ ಅವರು ತಮ್ಮ ಹಾಳೆಯನ್ನು ಮುಗಿಸುತ್ತ ಕುಳಿತಿದ್ದರು. ಪ್ರತಿ ಸಾಲಿನ ಮೊತ್ತ ಹಾಕಿ, ಕೂಡಿಸಿ, ತಾಳೆ ನೋಡಿ, ಕೊನೆಗೆ ನನ್ನ ಹಾಳೆಯನ್ನು ಕೇಳಿ ಪಡೆದರು. ಒಂದು ಚೌಕದಲ್ಲಿ ನಾನು ನೇರ ಕೆ ಬರೆದಿದ್ದೆ, ಅವರ ಹಾಳೆಯಲ್ಲಿ ತಿರುಗಿದ ಕೆ ಇತ್ತು. ಬ್ಯಾಟರು ಬೀಸಿದನೋ ಇಲ್ಲವೋ ಎಂದು ಇಬ್ಬರೂ ಐದು ನಿಮಿಷ ವಾದಿಸಿದೆವು. ನಾಲ್ಕುನೂರು ಅಡಿ ದೂರದಿಂದ ನೋಡಿದ ಇಬ್ಬರು ಕನ್ನಡಕಧಾರಿಗಳ ಸಾಕ್ಷ್ಯಕ್ಕೆ ಎಷ್ಟು ಬೆಲೆಯೆಂದು ಅಜ್ಜಿ ನಕ್ಕರು. ಕೊನೆಗೆ ನಾನೇ ಅಳಿಸಿ ತಿರುಗಿಸಿ ಬರೆದೆ. ಸೋತವರು ಅವರು, ಅಷ್ಟಾದರೂ ಅವರ ಮಾತು ನಡೆಯಲಿ ಎನಿಸಿತು. ಒಂಬತ್ತು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ ಅವರಿಗೆ ಕಾದಿತ್ತು. ಪುಳಿಯೋಗರೆ ಉಳಿದಿದ್ದರೆ ಕಟ್ಟಿಕೊಡಬಹುದಿತ್ತು.

ರಾತ್ರಿ ಲೂಸಿಯಾನಾದ ಎಲ್‌ಎಸ್‌ಯು ಮತ್ತು ಯುಸಿಎಲ್‌ಎ ನಡುವಿನ ಎರಡನೆಯ ಪಂದ್ಯಕ್ಕೆ ಮಳೆ ಬಂತು. ಮೋಟೆಲಿನ ಕಿಟಕಿಯಾಚೆ ಮಿಂಚು, ಟಿವಿಯೊಳಗೆ ಟಾರ್ಪಾಲು ಹೊದ್ದ ಮೈದಾನ. ಉಳಿದ ಆಟವನ್ನು ಮರುದಿನ ಬೆಳಿಗ್ಗೆ ಹತ್ತಕ್ಕೆ ಮುಂದುವರಿಸುವುದಾಗಿ ಹೇಳಿದರು. ಮಗಳು ಟೋಪಿಯನ್ನು ತಲೆಯಿಂದ ತೆಗೆಯದೆಯೇ ಮಲಗಿದ್ದಳು.

ಮೂರನೆಯ ದಿನ: ಮಂಗಳವಾರ, ಜೂನ್ 17

ಹೊರಡುವ ಮುನ್ನ ಮಿಸ್ಸೂರಿ ನದಿಯ ಮೇಲಿನ ಬಾಬ್ ಕೆರಿ ಕಾಲುಸೇತುವೆಗೆ ಹೋದೆವು. 2008ರಲ್ಲಿ ತೆರೆದ, ಹಾವಿನಂತೆ ಬಳುಕುವ ಈ ಸೇತುವೆಯ ನಡುವೆ ಎರಡು ರಾಜ್ಯಗಳ ಗಡಿಯಿದೆ. ಒಂದು ಕಾಲು ನೆಬ್ರಾಸ್ಕಾದಲ್ಲಿ, ಇನ್ನೊಂದು ಅಯೋವಾದಲ್ಲಿ ಇಟ್ಟು ಫೋಟೋ ತೆಗೆಸಿಕೊಳ್ಳುವುದು ಇಲ್ಲಿನ ವಾಡಿಕೆ. ರಾತ್ರಿಯ ಮಳೆಗೆ ನದಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಸೇತುವೆಯ ಮೇಲೆ ಎಲ್‌ಎಸ್‌ಯುವಿನ ನೇರಳೆ ಅಂಗಿಯವರು ಮೈದಾನದ ಕಡೆ ಅವಸರದಿಂದ ನಡೆಯುತ್ತಿದ್ದರು. ಮಗಳ ಟೋಪಿ ಕಂಡು ಒಬ್ಬ ನಿಂತು, ಹಿಂದಿನ ದಿನದ ಎಸೆಗಾರಿಕೆಗೆ ಟೋಪಿ ತೆಗೆದು ತಲೆಬಾಗಿಸಿ ಮುಂದೆ ಹೋದ. ಅವರ ತಂಡ ಉಳಿದ ಆಟವನ್ನು ಮುಗಿಸಿ 9-5ರಿಂದ ಗೆದ್ದಿತು.

ದಾರಿಯಲ್ಲಿ ನಮ್ಮ ನಡುವೆ ಹಣದ ಮಾತು ಬಂತು. ಹನ್ನೊಂದು ದಿನಗಳ ಹಿಂದೆಯಷ್ಟೇ, ಜೂನ್ 6ರಂದು, ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂಬ ಒಪ್ಪಂದಕ್ಕೆ ನ್ಯಾಯಾಲಯ ಸಮ್ಮತಿ ನೀಡಿತ್ತು. ಇಷ್ಟು ಜನ ಟಿಕೆಟ್ಟು ಕೊಂಡು ನೋಡುವ ಆಟದ ಹುಡುಗರಿಗೆ ಪಾಲು ಸಿಗುವುದು ನ್ಯಾಯವೇ ಎಂದು ನಾನು. ಮರ್ರೆಯಂಥ ಸಣ್ಣ ಕಾಲೇಜು ಇನ್ನು ಒಮಾಹಾಕ್ಕೆ ಬರುವುದು ಹೇಗೆ ಎಂದು ಅವಳು. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆ.

ಸಂಜೆ ಮನೆಯಲ್ಲಿ ಆರ್ಕನ್ಸಾ ತಂಡ ಯುಸಿಎಲ್‌ಎ ವಿರುದ್ಧ 7-3ರಿಂದ ಗೆದ್ದದ್ದನ್ನು ನೋಡಿದೆವು. ಬುಧವಾರ ಮತ್ತೆ ಎಲ್‌ಎಸ್‌ಯು ಎದುರು. ಮಗಳು ಅಡುಗೆಮನೆಯ ಮೇಜಿನ ಮೇಲೆ ನನ್ನ ಸ್ಕೋರ್ ಪುಸ್ತಕವನ್ನು ಹರಡಿಕೊಂಡು, ಈ ಸಲ ತಾನೇ ಬರೆಯುವುದಾಗಿ ಹೇಳಿದಳು. ಒಂಬತ್ತನೆಯ ಇನ್ನಿಂಗ್ಸ್‌ಗೆ ಆರ್ಕನ್ಸಾ 5-3ರಿಂದ ಮುಂದಿತ್ತು. ಎಡ ಔಟ್‌ಫೀಲ್ಡಿನ ಕಡೆಗೆ ನೇರವಾಗಿ ಬಂದ ಹೊಡೆತವೊಂದಕ್ಕೆ ಅಲ್ಲಿನ ಆಟಗಾರನ ಕಾಲು ಜಾರಿತು, ಚೆಂಡು ಅವನನ್ನು ದಾಟಿ ಹೋಯಿತು, ಇಬ್ಬರು ಹೋಮ್ ಪ್ಲೇಟ್ ಮುಟ್ಟಿ ಪಂದ್ಯ ಸಮವಾಯಿತು. ಮುಂದಿನ ಹೊಡೆತ ಎರಡನೆಯ ಬೇಸಿನವನ ಗ್ಲವ್ಸಿನ ಮೇಲಿಂದ ಹಾರಿತು. 6-5. ಕೆಂಪು ಟೋಪಿ ಮೇಜಿನ ಮೇಲಿತ್ತು. ಪೆನ್ಸಿಲನ್ನು ಪುಸ್ತಕದ ನಡುವೆ ಇಟ್ಟು ಅವಳು ಎದ್ದು ಹೋದಳು. ಹಾಳೆಯ ಕೊನೆಯ ಸಾಲಿನ ಚೌಕಗಳನ್ನು ಅವಳು ತುಂಬಿರಲಿಲ್ಲ, ನಾನೂ ತುಂಬಲಿಲ್ಲ.